ಕಾಲಿಗೆ ಸೇರದ ಗೆರೆ

“ಇದು ನನ್ನ ಕಾಲಿಗೆ ಸೇರಲ್ಲ ಬುದ್ಧಿ,” ಎಂದಳು ರಂಗಕ್ಕ.

ಠಾಣೆಯ ಜಗಲಿಯ ಮೇಲಿದ್ದವರೆಲ್ಲ ಅವಳ ಕಾಲನ್ನು ನೋಡಿದರು. ಹಿಮ್ಮಡಿ ಒಡೆದ, ಹೆಬ್ಬೆರಳು ಕೊಂಚ ಹೊರಕ್ಕೆ ತಿರುಗಿದ ಕಾಲು. ಅದರ ಪಕ್ಕದಲ್ಲೇ ಚಪ್ಪಡಿಕಲ್ಲಿನ ಮೇಲೆ ಎರಡು ಮೊಳ ಉದ್ದ, ಎರಡು ಮೊಳ ಅಗಲದ ಒಂದು ಕೌದಿ ಹರಡಿಕೊಂಡಿತ್ತು.

“ಕೌದಿಗೂ ಕಾಲಿಗೂ ಏನಮ್ಮ ಸಂಬಂಧ? ಇದೇನು ಚಪ್ಪಲಿಯಾ?” ಇನ್‌ಸ್ಪೆಕ್ಟರ್ ನಂದೀಶ್ವರಯ್ಯ ಕೇಳಿದ.

ಬಾಗಿಲ ಬಳಿ ನಿಂತಿದ್ದ ದಫೇದಾರ ಕಾಟಪ್ಪ ಕಿಸಕ್ಕನೆ ನಕ್ಕ. ಅವನ ಸೊಂಟದ ಕೀಲಿಗೊಂಚಲೂ ಅವನೊಂದಿಗೆ ಗಲಗುಟ್ಟಿತು.

ಶಂಕರಲಿಂಗಪ್ಪ ನಗಲಿಲ್ಲ. ಬೆಳಗಿನಿಂದ ಮಂಡಿಯೂರಿ ಆ ಕೌದಿಯ ಗೆರೆಗಳನ್ನು ಹಿತ್ತಾಳೆಯ ಅಳತೆಪಟ್ಟಿಯಿಂದ ಅಳೆಯುತ್ತಿದ್ದವನು ಅಲ್ಲೇ ತಲೆಯೆತ್ತಿ ಕುಳಿತ. ಹನ್ನೊಂದು ವರ್ಷ ಸರ್ವೆ ಕೆಲಸದಲ್ಲಿ ಹೊಲಹೊಲಕ್ಕೂ ಸರಪಳಿ ಎಳೆಸಿ, ಬೇಸರ ಬಂದು ಬಿಟ್ಟು, ಈಗ ಪತ್ತೇದಾರನೆಂದು ಕರೆಸಿಕೊಳ್ಳುವ ಮನುಷ್ಯ ಅವನು. ಅಳೆದು ಸೋತ ಜಾಗದಲ್ಲಿ ಒಬ್ಬ ಮುದುಕಿ ಕಾಲು ಚಾಚಿ ಏನನ್ನೋ ಕಂಡಿದ್ದಾಳೆ ಎಂದು ಅವನಿಗೆ ಅನ್ನಿಸಿತು.

ಸಮಯ ಹೆಚ್ಚಿರಲಿಲ್ಲ. ಬಿಳಿಗಲ್ಲು ಮಲ್ಲೇಶ್ವರನ ಬೆಳ್ಳಿ ಮುಖವಾಡ ಕಾಣೆಯಾಗಿ ಎಂಟು ದಿನ. ಪೆಟ್ಟಿಗೆಯಲ್ಲಿ ಅದನ್ನು ಸುತ್ತಿಡಲು ರಂಗಕ್ಕ ಹೊಲಿದುಕೊಟ್ಟಿದ್ದ ಕೌದಿ ಅವಳ ಮಗ ಓಬಳೇಶನ ಹೊಲದ ಗುಡಿಸಲಲ್ಲಿ ಸಿಕ್ಕಿತ್ತು. ಮಧ್ಯಾಹ್ನ ಎರಡು ಗಂಟೆಯ ಮೋಟಾರು ಬಸ್ಸಿನಲ್ಲಿ ಅವನಿಗೆ ಕೈಕೋಳ ಹಾಕಿ ತುಮಕೂರಿಗೆ ಕಳಿಸುವುದಿತ್ತು. ಗೋಡೆಯ ಗಡಿಯಾರದಲ್ಲಿ ಈಗ ಹನ್ನೊಂದೂವರೆ.

“ರಂಗಕ್ಕ, ನಿಧಾನವಾಗಿ ಹೇಳು. ಏನು ಸೇರಲ್ಲ?”

“ಗೆರೆ ಸೇರಲ್ಲ ಸ್ವಾಮಿ. ಹೊಲಿಯೋಕೆ ಮುಂಚೆ ಬಟ್ಟೆ ಮ್ಯಾಲೆ ಗೆರೆ ಹೊಡೀಬೇಕಲ್ಲ? ನೂಲನ್ನ ಕಾವಿ ನೀರಲ್ಲಿ ಅದ್ದಿ, ಬಿಗಿಯಾಗಿ ಎಳ್ದು, ನಡುಮಧ್ಯ ಚಿಟ್ ಅಂತ ಮೀಟಿದ್ರೆ ಕೆಂಪುಗೆರೆ ಬೀಳ್ತೈತೆ. ಆ ಗೆರೆ ಮ್ಯಾಲೆ ಹೊಲ್ಕೊಂಡ್ ಹೋಗೋದು.”

“ಬಡಗಿಗಳು ಮರಕ್ಕೆ ಹೊಡೆಯೋ ಹಾಗೆ,” ಎಂದ ನಂದೀಶ್ವರಯ್ಯ.

“ಅಂಗೇಯ. ಆದ್ರೆ ಬಡಗೀಗೆ ಆ ಕಡೆ ತುದಿ ಹಿಡಿಯೋಕೆ ಒಬ್ಬ ಇರ್ತಾನೆ. ನಂಗ್ಯಾರವ್ರೆ? ಗಂಡ ಸತ್ತು ಇಪ್ಪತ್ತು ವರ್ಷ ಆತು. ಮಗ ಹೊಲಕ್ಕೋಯ್ತಾನೆ. ಆ ಕಡೆ ತುದೀನ ನನ್ ಕಾಲೇ ಹಿಡಿಯೋದು.”

ಅವಳು ಸೀರೆಯಂಚನ್ನು ಮಂಡಿಯ ಕೆಳಗೆ ಒತ್ತಿಕೊಂಡು, ಕೌದಿಯ ಪಕ್ಕಕ್ಕೆ ಬಲಗಾಲು ಚಾಚಿದಳು. ಇಲ್ಲದ ನೂಲೊಂದನ್ನು ಹೆಬ್ಬೆರಳಿಗೆ ಸಿಕ್ಕಿಸಿದಳು. ಅದರ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಸೊಂಟದ ಬಳಿಗೆ ಎಳೆದು ಹಿಡಿದಳು. ಬಲಗೈಯಿಂದ ಗಾಳಿಯನ್ನು ಮೀಟಿದಳು. ಕೈಯನ್ನು ಎರಡು ಬೆರಳಿನಷ್ಟು ಸರಿಸಿ ಮತ್ತೆ ಮೀಟಿದಳು.

ಶಂಕರಲಿಂಗಪ್ಪ ಅವಳ ಕೈ ನೋಡಲಿಲ್ಲ. ಕಾಲು ನೋಡುತ್ತಿದ್ದ.

ಕೈ ಎರಡು ಬೆರಳು ಸರಿದಾಗ ಕಾಲಿನ ಹೆಬ್ಬೆರಳು ಒಂದು ಬೆರಳಿನಷ್ಟೂ ಸರಿದಿರಲಿಲ್ಲ.

“ಇನ್ನೊಂದು ಸಲ!” ಎಂದು ಅವನು ಕೂಗಿದ ರಭಸಕ್ಕೆ ಕಂಬದ ಮೇಲಿನ ಪಾರಿವಾಳಗಳು ಹಾರಿಹೋದವು.

“ಅಯ್ಯ, ಮೆಲ್ಲಗೆ ಕಣಪ್ಪ! ಕೈಯಂಗೆ ಕಾಲು ಸರೀತೈತಾ? ಐದೋ ಆರೋ ಗೆರೆ ಆಗೋತನಕ ಕುಂತ ಜಾಗ್ದಲ್ಲೇ ಹೊಡೀತೀನಿ. ಆಮೇಲೆ ಕುಂಡಿ ಎತ್ತಿ ಆ ಕಡೆ ಕುಂತ್ಕತೀನಿ. ಅದ್ಕೇ ನನ್ ಗೆರೆ ಕೈ ಕಡೆ ಅಗಲ, ಕಾಲ್ ಕಡೆ ಇಕ್ಕಟ್ಟು. ಬೀಸಣಿಗೆ ಬಿಚ್ಚಿದಂಗೆ.”

ಕೊನೆಯ ಮಾತು ಹೇಳುವಾಗ ಅವಳ ದನಿ ತಗ್ಗಿತು. ಮಧುಗಿರಿಯಿಂದ ಕೊರಟಗೆರೆಯ ತನಕ ಗೆರೆ ಎಂದರೆ ರಂಗಕ್ಕನದು ಎಂದು ಜನ ಹೇಳುತ್ತಿದ್ದರು. ಆ ಗೆರೆ ಸೊಟ್ಟ ಎಂದು ಅವಳು ಇಪ್ಪತ್ತು ವರ್ಷದಲ್ಲಿ ಒಬ್ಬರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

“ಈ ಕೌದಿಯ ಗೆರೆ?”

“ನೀವೇ ಅಳ್ದ್ರಲ್ಲ.”

ಅಳೆದಿದ್ದ. ಇಪ್ಪತ್ತೆಂಟು ಗೆರೆ. ಈ ಅಂಚಿನಲ್ಲಿ ಎಷ್ಟು ಅಂತರವೋ ಆ ಅಂಚಿನಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಅಷ್ಟೇ ಅಂತರ. ಅಷ್ಟು ನೇರವಾಗಿದ್ದುದರಿಂದಲೇ ಇದು ರಂಗಕ್ಕನದೇ ಕೈ ಎಂದು ಊರೆಲ್ಲ ಒಪ್ಪಿತ್ತು, ಅವನೂ ಒಪ್ಪಿದ್ದ.

ನಂದೀಶ್ವರಯ್ಯ ಮೇಜಿನ ಮೇಲಿದ್ದ ಮಹಜರಿನ ಹಾಳೆ ಎತ್ತಿ ತೋರಿಸಿದ. “ಎಲ್ಲ ಸರಿ. ಆದರೆ ಕೌದಿ ನನ್ನದೇ ಅಂತ ಈ ಅಮ್ಮ ಹೆಬ್ಬೆಟ್ಟು ಒತ್ತಿದ್ದಾಳೆ. ಈಗ ಮಗನ ಮೇಲೆ ಬಂದಾಗ ಕಾಲು ಅಂತಾಳೆ, ಬೆರಳು ಅಂತಾಳೆ.”

“ಮಡಿಸಿ ಕೈಗೆ ಕೊಟ್ರಿ ಬುದ್ಧಿ! ದೇವ್ರ ಹಳೇ ವಸ್ತ್ರದ ತುಂಡು, ಅದೇ ನೇರಳೆ, ಅದೇ ಹಸುರು. ನನ್ ಹಂಗೇ ಕಾಣ್ತು, ಹೂಂ ಅಂದ್ಬುಟ್ಟೆ. ಬಿಚ್ಚಿ ತೋರ್ಸಿದ್ರಾ ನೀವು?”

ನಂದೀಶ್ವರಯ್ಯ ಕಾಟಪ್ಪನ ಮುಖ ನೋಡಿದ. ಕಾಟಪ್ಪ ಗಡಿಯಾರದ ಮುಖ ನೋಡಿದ.

“ರಂಗಕ್ಕ ಹೊಲಿದ ಬೇರೆ ಕೌದಿ ಒಂದು ಬೇಕು,” ಎಂದ ಶಂಕರಲಿಂಗಪ್ಪ. “ಈಗಲೇ. ಅವಳ ಮನೆಯದು ಬೇಡ, ಹೊಸದಾಗಿ ಹೊಲಿದಳು ಅಂತ ನೀವೇ ಹೇಳುತ್ತೀರಿ.”

“ಇವಳ ಊರು ದೊಡ್ಡೇರಿ ತನಕ ಹೋಗಿ ಬರೋಕೆ ಮೂರು ಗಂಟೆ ಹೊತ್ತು ಬೇಕು.”

“ಅಷ್ಟು ದೂರ ಯಾಕೆ ಬುದ್ಧಿ?” ರಂಗಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ನಿಮ್ಮ ಮನೇಲೇ ಐತಲ್ಲ. ನಿಮ್ಮ ಮಗೀನ ಬಾಣಂತನಕ್ಕೆ ಅಮ್ಮಾವ್ರು ನನ್ ಕೈಲೇ ಹೊಲ್ಸಿದ್ರು.”

ಠಾಣೆಯ ಹಿಂದೆಯೇ ಇನ್‌ಸ್ಪೆಕ್ಟರ ವಸತಿ. ಕಾಟಪ್ಪ ಹೋಗಿ ಕೌದಿ ತಂದ. ತೋಳುದ್ದ ಮುಂದಕ್ಕೆ ಹಿಡಿದು, ಮೂಗನ್ನು ಹೆಗಲ ಕಡೆ ತಿರುಗಿಸಿಕೊಂಡು ತಂದ.

“ಈಗ್ತಾನೆ ಒದ್ದೆ ಮಾಡೈತೆ ಸಾರ್, ಮಗು. ಅಮ್ಮಾವ್ರು ಬೇಗ ವಾಪಸ್ ಕೊಡ್ಬೇಕಂತೆ.”

“ಹಾಸು, ಹಾಸು!”

ಎರಡೂ ಕೌದಿಗಳು ಪಕ್ಕಪಕ್ಕದಲ್ಲಿ ಹರಡಿದವು. ಅಳತೆಪಟ್ಟಿಯ ಅಗತ್ಯವೇ ಬೀಳಲಿಲ್ಲ. ಮಗುವಿನ ಕೌದಿಯ ಹೊಲಿಗೆ ಒಂದು ಅಂಚಿನಲ್ಲಿ ಬಿಚ್ಚಿಕೊಂಡು, ಇನ್ನೊಂದು ಅಂಚಿಗೆ ಹೋಗುತ್ತ ಒಂದಕ್ಕೊಂದು ಒತ್ತಿಕೊಂಡಿತ್ತು. ಐದು ಗೆರೆ, ಸ್ವಲ್ಪ ಜಾಗ. ಮತ್ತೆ ಐದು ಗೆರೆ, ಮತ್ತೆ ಜಾಗ. ಎಷ್ಟೋ ಸಲ ಒಗೆದು ಕಾವಿಯೆಲ್ಲ ಹೋಗಿದ್ದರೂ ಅದರ ಮೇಲೆ ನಡೆದಿದ್ದ ಸೂಜಿ ಮುದುಕಿಯ ಕಾಲನ್ನು ಹಾಗೆಯೇ ಬರೆದಿಟ್ಟಿತ್ತು.

ನಂದೀಶ್ವರಯ್ಯ ಬಗ್ಗಿ ನೋಡಿದ. ಸುತ್ತ ಬಂದು ಆ ಕಡೆಯಿಂದಲೂ ನೋಡಿದ. ಏಳು ತಿಂಗಳಿಂದ ತನ್ನ ಮಗು ಇದರ ಮೇಲೇ ಮಲಗುತ್ತಿತ್ತು, ತಾನು ಒಂದು ದಿನವೂ ನೋಡಿರಲಿಲ್ಲ.

“ನೂಲು ತನ್ನಿ,” ಎಂದ ಕೊನೆಗೆ. “ಕಣ್ಣೆದುರು ಹೊಡೆದು ತೋರಿಸಲಿ.”

ಕಾವಿ ಸಿಕ್ಕಿತು, ನೂಲು ಸಿಕ್ಕಿತು, ಠಾಣೆಯ ಒಂದು ಹಳೇ ಬಿಳಿ ಪಂಚೆ ಸಿಕ್ಕಿತು. ರಂಗಕ್ಕ ಒಬ್ಬಳೇ ಕುಳಿತು ಆರು ಗೆರೆ ಹೊಡೆದಳು. ಬೀಸಣಿಗೆ. ಆಮೇಲೆ ತುದಿಯೊಂದನ್ನು ಇನ್‌ಸ್ಪೆಕ್ಟರ ಕಡೆ ಚಾಚಿದಳು.

“ನಾನಾ?”

“ಹಿಡ್ಕಳಿ ಬುದ್ಧಿ, ಕಚ್ಚಲ್ಲ. ಎರಡೆರಡು ಬೆರಳು ಸರೀರಿ. ಅಯ್ಯೋ, ಬೂಟಿನ್ ಕಾಲು ಬಟ್ಟೆ ಮ್ಯಾಲಿಕ್ಕಬ್ಯಾಡಿ!”

ನಂದೀಶ್ವರಯ್ಯ ಕೈಯೆಲ್ಲ ಕೆಂಪು ಮಾಡಿಕೊಂಡು ಆರು ಸಲ ಸರಿದ. ಆರು ಗೆರೆ ಬಿದ್ದವು. ಒಂದಕ್ಕೊಂದು ಸಮ, ಈ ತುದಿಯಿಂದ ಆ ತುದಿಗೆ ಸಮ. ಗುಡಿಸಲಲ್ಲಿ ಸಿಕ್ಕ ಕೌದಿಯ ಹಾಗೆ.

“ಇಬ್ಬರು,” ಎಂದ ಶಂಕರಲಿಂಗಪ್ಪ. ಅವನ ಕಿವಿ ಕೆಂಪೇರಿತ್ತು. “ನಂದೀಶ್ವರಯ್ಯನವರೇ, ಈ ಕೌದಿಗೆ ಗೆರೆ ಹೊಡೆದವರು ಇಬ್ಬರು. ಪೆಟ್ಟಿಗೆಯ ಕೌದಿಗೆ ಗೆರೆ ಹೊಡೆದವಳು ಒಬ್ಬಳು. ಇದು ಅದಲ್ಲ.”

ರಂಗಕ್ಕ ಕೈಯ ಕಾವಿಯನ್ನು ಕಂಬಕ್ಕೆ ಒರೆಸಿದಳು. “ನೋಡ್ಕಳಿ. ನನ್ ಗೆರೆ ಸೊಟ್ಟ. ಸೊಟ್ಟ ಅಂತ ಊರ್ಗೆಲ್ಲ ಸಾರ್ಕಳಿ. ನನ್ ಮಗನ್ನ ಬುಟ್ಬುಡಿ.”

ಹೊರಗೆ ಗಾಡಿಯ ಎತ್ತುಗಳ ಗಂಟೆ ಕೇಳಿಸಿತು.

*

ಚನ್ನಮಲ್ಲಯ್ಯ ಬಿಳಿಗಲ್ಲು ದೇವಸ್ಥಾನದ ಧರ್ಮದರ್ಶಿ. ಮುಖವಾಡದ ಪೆಟ್ಟಿಗೆ ಇರುತ್ತಿದ್ದದ್ದು ಅವನ ಮನೆಯಲ್ಲಿ; ಕಳುವಿನ ದೂರು ಕೊಟ್ಟವನೂ ಅವನೇ. ಕೈದಿಯನ್ನು ಕಳಿಸುವ ಮುನ್ನ ಕೊನೆಯ ರುಜು ಹಾಕಲು ಬಂದಿದ್ದ. ಹಣೆಯ ತುಂಬ ವಿಭೂತಿ, ಜರತಾರಿ ಅಂಚಿನ ವಲ್ಲಿ, ಎಲ್ಲರಿಗೂ ಸಮನಾಗಿ ಹಂಚುವ ಒಂದು ನಗು.

“ಅಯ್ಯೋ ರಂಗಕ್ಕ, ನಿನ್ನ ಕಷ್ಟ ನೋಡಿದರೆ ಕರುಳು ಚುರುಕ್ ಅನ್ನುತ್ತೆ. ಮಕ್ಕಳು ಮಾಡಿದ್ದಕ್ಕೆ ಹೆತ್ತವರು ಏನು ಮಾಡೋಕಾಗುತ್ತೆ?” ಎನ್ನುತ್ತ ಕುರ್ಚಿಯಲ್ಲಿ ಕುಳಿತ.

ಶಂಕರಲಿಂಗಪ್ಪ ಮಗುವಿನ ಕೌದಿಯನ್ನು ಆಗಲೇ ಮಡಿಸಿ ಬದಿಗೆ ಇಟ್ಟಿದ್ದ. ಗುಡಿಸಲಲ್ಲಿ ಸಿಕ್ಕ ನಕಲಿ ಕೌದಿಯನ್ನು ಎತ್ತಿ ಚನ್ನಮಲ್ಲಯ್ಯನ ಮಡಿಲಿಗೆ ಹಾಸಿದ.

“ಒಂದೆರಡು ಮಾತು ಸ್ವಾಮಿ. ಮುಖವಾಡ ಸುತ್ತಿದ್ದು ಇದರಲ್ಲೇ ತಾನೆ?”

“ಅದರಲ್ಲಿ ಸಂಶಯವೇನು ಬಂತು? ಮೂರು ವರ್ಷ ಆಯಿತು. ವರ್ಷಕ್ಕೊಂದು ಸಲ, ಜಾತ್ರೆಯ ಹುಣ್ಣಿಮೆಗೆ, ಇದೇ ಕೈಯಿಂದ ಬಿಚ್ಚಿ ಇದೇ ಕೈಯಿಂದ ಸುತ್ತಿದ್ದೀನಿ.” ಅವನು ಹೆಬ್ಬೆರಳಿನಿಂದ ಒಂದು ಗೆರೆಯನ್ನು ಉದ್ದಕ್ಕೂ ಸವರಿದ, ಹಳೆಯ ಗುರುತಿನವರ ಬೆನ್ನು ಸವರುವಂತೆ. “ಈ ಗೆರೆ ನೋಡಿ. ರಂಗಕ್ಕನಲ್ಲದೆ ಬೇರೆ ಯಾರ ಕೈಲಿ ಬಂದೀತು?”

“ಹೊಲಿದದ್ದು ಎಲ್ಲಿ?”

“ನಮ್ಮ ಪಡಸಾಲೆಯಲ್ಲಿ. ಬಟ್ಟೆ ನಾನೇ ಕೊಟ್ಟಿದ್ದೆ, ಮಲ್ಲೇಶ್ವರನ ಹಳೇ ವಸ್ತ್ರ.”

“ಉಳಿದ ಬಟ್ಟೆ?”

“ಮನೇಲೇ ಇದೆ. ದೇವರದು, ಬಿಸಾಡೋಕಾಗುತ್ತಾ?”

“ಹೊಲಿಯುವಾಗ ರಂಗಕ್ಕನ ಜೊತೆ ಯಾರಾದರೂ ಇದ್ದರಾ? ನೂಲು ಹಿಡಿಯೋಕೆ, ಬಟ್ಟೆ ಎಳೆಯೋಕೆ?”

ಚನ್ನಮಲ್ಲಯ್ಯನಿಗೆ ಆ ಪ್ರಶ್ನೆಯೇ ಅವಮಾನವೆನ್ನಿಸಿತು. ಬೆನ್ನು ನೆಟ್ಟಗೆ ಮಾಡಿದ.

“ದೇವರ ಮೈಗೆ ಸೋಕುವ ಬಟ್ಟೆ ರೀ! ಕಂಡಕಂಡವರನ್ನು ಮುಟ್ಟಲು ಬಿಡುತ್ತೀನಾ? ರಂಗಕ್ಕ ಸ್ನಾನ ಮಾಡಿ, ಉಪವಾಸ ಇದ್ದು, ಒಬ್ಬಳೇ ಹೊಲಿದಳು. ಗೆರೆ ಹೊಡೆದ ದಿನ ನನ್ನ ಸೊಸೆಯನ್ನೂ ಹತ್ತಿರ ಬಿಡಲಿಲ್ಲ ನಾನು. ಬಾಗಿಲಲ್ಲಿ ಕೂತು ಕಾದಿದ್ದೀನಿ.”

“ಇದನ್ನು ಬರೆದುಕೊಳ್ಳಲೇ?”

“ಬರೆದುಕೊಳ್ಳಿ. ರುಜು ಹಾಕುತ್ತೀನಿ.”

ನಂದೀಶ್ವರಯ್ಯನೇ ಬರೆದ. ಚನ್ನಮಲ್ಲಯ್ಯ ದುಂಡಗೆ ರುಜು ಹಾಕಿದ. ಶಾಯಿ ಆರುವ ತನಕ ಶಂಕರಲಿಂಗಪ್ಪ ಕಾದ. ಆ ಅರ್ಧ ನಿಮಿಷದಷ್ಟು ರುಚಿಯಾದ ಸಮಯ ಅವನ ಬದುಕಿನಲ್ಲಿ ಬಂದಿರಲಿಲ್ಲ.

ಆಮೇಲೆ ಮಗುವಿನ ಕೌದಿಯನ್ನು ಬಿಚ್ಚಿ ಹಾಸಿದ.

“ಒಬ್ಬಳೇ ಕುಳಿತಾಗ ರಂಗಕ್ಕ ಹೊಡೆಯುವ ಗೆರೆ ಇದು. ಇಬ್ಬರು ಎದುರುಬದರು ಕುಳಿತು ಹೊಡೆದ ಗೆರೆ ನಿಮ್ಮ ಮಡಿಲಲ್ಲಿದೆ. ಸರ್ವೆಯಲ್ಲಿ ಸರಪಳಿಗೆ ಇಬ್ಬರು ಬೇಕು ಸ್ವಾಮಿ. ಒಬ್ಬನೇ ಎಳೆದರೆ ಹೊಲದ ಗಡಿ ಒಂದು ಕಡೆ ವಾಲುತ್ತದೆ. ಅದನ್ನು ನಾನು ಹನ್ನೊಂದು ವರ್ಷ ನೋಡಿದ್ದೀನಿ. ಇದನ್ನು ಇವತ್ತು ಕಲಿತೆ.”

ಚನ್ನಮಲ್ಲಯ್ಯನ ನಗು ಇದ್ದ ಜಾಗದಲ್ಲೇ ಇತ್ತು. ಅದರ ಒಳಗೆ ಮಾತ್ರ ಯಾರೂ ಇರಲಿಲ್ಲ.

“ಒಬ್ಬ ಹೆಂಗಸಿನ ಕಾಲ್ಬೆರಳನ್ನು ಸಾಕ್ಷಿ ಅಂತೀರಾ? ಸರ್ಕಾರದಲ್ಲಿ ಇದೂ ಒಂದು ಕಾಯಿದೆಯೋ?”

“ಬೇಡ, ಅವಳ ಬೆರಳು ಬೇಡ. ನಿಮ್ಮ ಬೆರಳು ನೋಡಿಕೊಳ್ಳಿ.”

ಚನ್ನಮಲ್ಲಯ್ಯ ನೋಡಿಕೊಂಡ. ಗೆರೆ ಸವರಿದ ಹೆಬ್ಬೆರಳು ಕೆಂಪಾಗಿತ್ತು.

“ಮೂರು ಸಲ ಬಿಚ್ಚಿ, ಮೂರು ಸಲ ಸುತ್ತಿ, ಬೆಳ್ಳಿಗೆ ಉಜ್ಜಿಕೊಂಡು ಪೆಟ್ಟಿಗೆಯಲ್ಲಿದ್ದ ಬಟ್ಟೆಯ ಕಾವಿ ಇನ್ನೂ ಕೈಗೆ ಹತ್ತುತ್ತದಾ? ರಂಗಕ್ಕ, ಎಷ್ಟು ದಿನ ಹತ್ತುತ್ತದೆ?”

“ಕೈಯಾಡ್ಸಿದ್ರೆ ಒಂದ್ ತಿಂಗ್ಳು. ಅದ್ರ ಮ್ಯಾಲಿಲ್ಲ.”

“ಒಂದು ತಿಂಗಳು!” ಶಂಕರಲಿಂಗಪ್ಪ ಎದ್ದು ನಿಂತ. ಕುಳಿತು ಮಾತಾಡುವುದು ಅವನಿಂದ ಇನ್ನು ಸಾಧ್ಯವಿರಲಿಲ್ಲ. “ಕಳ್ಳ ಪೆಟ್ಟಿಗೆಯಿಂದ ಕದ್ದದ್ದಾಗಿದ್ದರೆ ಗುಡಿಸಲಲ್ಲಿ ಅಸಲಿ ಕೌದಿ ಸಿಗಬೇಕಿತ್ತು. ಸಿಕ್ಕಿದ್ದು ನಕಲಿ. ಅಸಲಿ ಎಲ್ಲಿ? ಮುಖವಾಡದ ಮೈಮೇಲೇ ಇದೆ. ಅದರ ಜೊತೆಯಲ್ಲೇ, ಓಬಳೇಶನ ಹೆಸರು ಯಾರ ಬಾಯಿಗೂ ಬರುವ ಮುಂಚೆಯೇ, ನಿಮ್ಮ ಕೈಯಿಂದಲೇ ಮನೆ ಬಿಟ್ಟು ಹೋಗಿದೆ. ಹುಣ್ಣಿಮೆ ಹತ್ತಿರ ಬಂತು. ಊರೆದುರು ಪೆಟ್ಟಿಗೆ ತೆರೆಯಬೇಕು. ಬರಿದಾದ ಪೆಟ್ಟಿಗೆಗೆ ಒಬ್ಬ ಕಳ್ಳ ಬೇಕು, ಕಳ್ಳನ ಗುಡಿಸಲಿಗೆ ಒಂದು ಕೌದಿ ಬೇಕು. ಬಟ್ಟೆ ಮನೆಯಲ್ಲೇ ಇತ್ತು. ಅದೇ ನೇರಳೆ, ಅದೇ ಹಸುರು. ರಂಗಕ್ಕನ ಗೆರೆ ನೇರ ಅಂತ ಊರು ಹೇಳುತ್ತಿತ್ತು. ನೀವೂ ಊರಿನ ಮಾತು ನಂಬಿ ನೇರ ಗೆರೆ ಹೊಡೆಸಿದಿರಿ. ಬಾಗಿಲಲ್ಲಿ ಕೂತು ಕಾದದ್ದು ನಿಜ ಸ್ವಾಮಿ. ಆದರೆ ಒಳಗೆ ಅವಳು ಕಾಲಲ್ಲಿ ಏನು ಮಾಡುತ್ತಿದ್ದಾಳೆ ಅಂತ ಒಮ್ಮೆಯೂ ತಿರುಗಿ ನೋಡಲಿಲ್ಲ.”

“ದೇವ್ರ ಬಟ್ಟೆಗೆ ಕಾಲು ತೋರ್ಸಿದ್ರೆ ಬೈತೀರಿ ಅಂತ ನಾನೇ ನೋಡಬ್ಯಾಡಿ ಅಂದಿದ್ದೆ,” ಎಂದಳು ರಂಗಕ್ಕ. “ತಿರುಗಿ ಕುಂತ್ಕಳಿ ಸ್ವಾಮಿ ಅಂದೆ. ಕುಂತ್ರು.”

ಚನ್ನಮಲ್ಲಯ್ಯ ಬೆರಳನ್ನು ವಲ್ಲಿಗೆ ಒರೆಸಿದ. ವಲ್ಲಿಯೂ ಕೆಂಪಾಯಿತು. ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ.

“ಕೂತ್ಕೊಳ್ಳಿ,” ಎಂದ ನಂದೀಶ್ವರಯ್ಯ. ಇಷ್ಟು ದಿನ ಆ ಮನುಷ್ಯ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದವನು ಈಗ ಕುಳಿತೇ ಹೇಳಿದ. “ರುಜು ಹಾಕಿದ್ದೀರಿ. ಶಾಯಿ ಆರಿದೆ.”

“ನನ್ನ ವಕೀಲರು ಬರಲಿ.”

“ಬರಲಿ. ನೀವು ಮಾತ್ರ ಹೋಗೋ ಹಾಗಿಲ್ಲ.”

ಎರಡು ಗಂಟೆಯ ಮೋಟಾರು ರಸ್ತೆಯಲ್ಲಿ ಬಂದು ನಿಂತು, ಹಾರನ್ ಹೊಡೆದು, ಯಾರೂ ಹೊರಬರದಿದ್ದರಿಂದ ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ರಂಗಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ಎಂಟು ದಿನ ಒಳಗಿಟ್ಟುಕೊಂಡಿದ್ದೆಲ್ಲ ಆ ನಗುವಿನಲ್ಲಿ ಹೊರಬಂತು. ದೂರದಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

“ಹೋಯ್ತು ಕಣಪ್ಪ ಮೋಟ್ರು! ಖಾಲಿ ಹೋಯ್ತು!”

ನಂದೀಶ್ವರಯ್ಯ ಟೋಪಿ ತೆಗೆದು ಮೇಜಿನ ಮೇಲಿಟ್ಟ. ತಪ್ಪೊಪ್ಪಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಅದಕ್ಕೆ ಬೇರೊಂದು ದಾರಿ ಹುಡುಕಿದ.

“ಕಾಟಪ್ಪ, ಕೀಲಿ ಆ ಅಮ್ಮನ ಕೈಗೆ ಕೊಡು. ಮಗನ ಬೀಗ ಅವಳೇ ತೆಗೆಯಲಿ.”

ಕಾಟಪ್ಪ ಸೊಂಟದಿಂದ ಗೊಂಚಲು ಬಿಚ್ಚಿ, ಒಂದು ಕ್ಷಣ ತಡೆದು, ಕೊಟ್ಟ. ರಂಗಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಠಾಣೆಯೊಳಗೆ ಲಾಕಪ್ಪಿಗೆ ಹೋಗುವ ಓಣಿಯಲ್ಲಿ ಓಡುನಡಿಗೆಯಲ್ಲಿ ಹೋದಳು. ಹಿಂದೆ ಶಂಕರಲಿಂಗಪ್ಪ, ತಾನೂ ಓಡುತ್ತಿದ್ದೇನೆಂಬುದು ಗೊತ್ತಿಲ್ಲದೆ.

ಕಂಬಿಯ ಹಿಂದೆ ಓಬಳೇಶ ಎದ್ದು ನಿಂತಿದ್ದ. ಎಂಟು ದಿನದ ಗಡ್ಡ. ಜಗಲಿಯ ಮಾತೆಲ್ಲ ಅವನಿಗೆ ಕೇಳಿಸಿತ್ತು, ಕೆನ್ನೆ ಒದ್ದೆಯಾಗಿತ್ತು.

“ಗೆದ್ದೆ ಕಣ್ಲಾ! ನಿಮ್ಮವ್ವನ ಸೊಟ್ಟ ಗೆರೆ ಗೆದ್ದೈತೆ! ನಡಿ, ಮನೆಗೋಗನ. ಯಾವುದ್ಲಾ ಇದ್ರದು ಕೀಲಿ?”

ಓಬಳೇಶ ಕಂಬಿಯ ನಡುವಿನಿಂದ ಕೈ ಹಾಕಿ ಬೀಗವನ್ನು ಮುಚ್ಚಿ ಹಿಡಿದ.

“ತೆಗೀಬ್ಯಾಡ ಕಣವ್ವ. ಈಚೆ ಬಂದ್ರೆ ನನ್ನ ಉಳ್ಸಲ್ಲ.”

“ಏನ್ಲಾ ನಿಂಗೆ? ಬಿಸ್ಲಿಗೆ ತಲೆ ಕೆಟ್ಟೈತಾ?”

ಅವನು ಮುಖವನ್ನು ಕಂಬಿಗೆ ಒತ್ತಿದ. ಶಂಕರಲಿಂಗಪ್ಪ ಕಿವಿಗೊಟ್ಟು ಬಗ್ಗಿದ.

“ಚನ್ನಮಲ್ಲಯ್ಯನೋರ ಹಿತ್ಲಲ್ಲಿ ಇಬ್ರು ಕುಂತು ನೂಲು ಹಿಡ್ದಿದ್ದು ನಾನ್ ಕಂಡಿದ್ದೆ ಸ್ವಾಮಿ. ಕಂಡಿದ್ಕೇ ನನ್ ಗುಡ್ಲಲ್ಲಿ ಕೌದಿ ಸಿಕ್ಕಿದ್ದು. ಬಾಯಿ ಬುಟ್ರೆ ನಿಮ್ಮವ್ವ ಊರು ಸೇರಲ್ಲ ಅಂತ ಅವ್ರಲ್ಲೊಬ್ಬ ದಿನಾ ಬಂದು ಹೇಳ್ತಿದ್ದ.”

“ಇಲ್ಲಿಗೆ ಬಂದಾ? ಠಾಣೆಯ ಒಳಗೆ? ಯಾರು?”

ಓಬಳೇಶ ತಾಯಿಯ ಬೆರಳುಗಳನ್ನು ಕೀಲಿಗೊಂಚಲಿನ ಸುತ್ತ ಒಂದೊಂದಾಗಿ ಮಡಿಸಿದ.

“ಇದ್ನ ವಾಪಸ್ ಕೊಡಬ್ಯಾಡ ಕಣವ್ವ. ಕೊಟ್ಟೋನ ಕೈಗೆ ಮಾತ್ರ ಕೊಡಬ್ಯಾಡ.”

ಅವರ ಹಿಂದೆ ಓಣಿಯ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಅಗುಳಿ ಬಿದ್ದ ಸದ್ದಾಯಿತು.

“ಆ ಬೀಗ ಭಾರಿ ಬಿಗಿ ಕಣಮ್ಮ,” ಎಂದ ಕಾಟಪ್ಪ, ಕೈ ಮುಂದೆ ಚಾಚಿಕೊಂಡು ನಿಧಾನವಾಗಿ ಬರುತ್ತ. “ಇತ್ತ ತತ್ತಾ. ನಾನ್ ತೆಗಿತೀನಿ.”